ಅಂಟಾರ್ಕ್ಟಿಕಾ ನೋಡಿ ಬಂದೆ. ಹೋಗುವವರ ಸಂಖ್ಯೆಗೆ ಮಿತಿ ಬೇಕು ಅಂತಲೇ ಹೇಳುತ್ತೇನೆ

ಫೋಟೊ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬ ಪ್ರಶ್ನೆಗಳು. ಎಷ್ಟು ಖರ್ಚಾಯಿತು, ಚಳಿ ಹೇಗಿತ್ತು, ಸಸ್ಯಾಹಾರ ಸಿಕ್ಕಿತಾ, ಭಾರತದ ಸಂಶೋಧನಾ ನೆಲೆ ಮೈತ್ರಿ ಕೇಂದ್ರ ನೋಡಿದ್ರಾ, ನಾವೂ ಹೋಗಬಹುದಾ ಮೇಡಂ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತೇನೆ. ಕೊನೆಯ ಪ್ರಶ್ನೆಗೆ ನನ್ನ ಉತ್ತರ ಉದ್ದವಿದೆ. ಕೆಲವರಿಗೆ ಹಿಡಿಸದೇ ಇರಬಹುದು.

ಸಣ್ಣವನ್ನು ಮೊದಲು ಮುಗಿಸಿಬಿಡೋಣ. ಹಡಗಿನ ಖರ್ಚೇ ಒಬ್ಬರಿಗೆ ಆರೇಳು ಲಕ್ಷದಿಂದ ಮೇಲೆ, ವಿಮಾನದ್ದು ಬೇರೆ. ನನ್ನ ನಿವೃತ್ತಿಯ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಜನವರಿ ಅಂದರೆ ಅಲ್ಲಿ ಬೇಸಿಗೆ, ನಾವು ಹೋದ ಪರ್ಯಾಯ ದ್ವೀಪದ ಕಡೆ ಸೊನ್ನೆ ಡಿಗ್ರಿಯ ಆಸುಪಾಸು. ಲಡಾಖಿನ ಚಳಿಗಾಲ ಇದಕ್ಕಿಂತ ಕಠಿಣ. ಊಟಕ್ಕೆ ತೊಂದರೆಯಾಗಲಿಲ್ಲ. ಮೈತ್ರಿ ನೋಡಲಿಲ್ಲ. ಅದು ಖಂಡದ ಇನ್ನೊಂದು ಮಗ್ಗುಲಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಇದೆ. ಅಂಟಾರ್ಕ್ಟಿಕಾ ಭಾರತದ ನಾಲ್ಕು ಪಟ್ಟಿಗಿಂತ ದೊಡ್ಡದು. ನಮ್ಮ ಶಾಲೆಯ ಗೋಡೆಯ ನಕ್ಷೆಯಲ್ಲಿ ಅದು ಕೆಳಗಿನ ಬಿಳಿ ಪಟ್ಟಿಯಾಗಿ ಮಾತ್ರ ಇದ್ದುದರಿಂದ ಅದರ ಗಾತ್ರವನ್ನು ಮಕ್ಕಳಿಗೆ ಮನದಟ್ಟು ಮಾಡಲು ನಾನು ಪ್ರತಿ ವರ್ಷ ಒದ್ದಾಡುತ್ತಿದ್ದೆ.

ಈ ಕನಸು ಹುಟ್ಟಿದ್ದು ನಾನು ಶಾಲೆಯಲ್ಲಿದ್ದಾಗ. ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ ಭಾರತದ ಮೊದಲ ಯಾತ್ರೆಯ 21 ಮಂದಿಯ ತಂಡ ಗೋವಾದಿಂದ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕಾ ಮುಟ್ಟಿತ್ತು. ರೇಡಿಯೊದಲ್ಲಿ ಬಂದ ಆ ಸುದ್ದಿಯನ್ನು ನಮ್ಮ ಮೇಷ್ಟ್ರು ಮರುದಿನ ಪ್ರಾರ್ಥನೆಯಲ್ಲಿ ಓದಿ ಹೇಳಿದರು. ಆದರೆ ನನ್ನನ್ನು ನಿಜಕ್ಕೂ ಹಿಡಿದದ್ದು 1983-84ರ ಮೂರನೇ ಯಾತ್ರೆ. ಅದರಲ್ಲಿ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತಾ ಇದ್ದರು. ಒಬ್ಬರು ಸಮುದ್ರ ವಿಜ್ಞಾನಿ, ಇನ್ನೊಬ್ಬರು ಭೂವಿಜ್ಞಾನಿ. ಹೆಂಗಸರೂ ಅಷ್ಟು ದೂರ ಹೋಗಬಹುದು ಅಂತ ಒಂದು ಹುಡುಗಿಗೆ ಗೊತ್ತಾದರೆ ಆಮೇಲೆ ಅದು ತಲೆಯಿಂದ ಇಳಿಯುವುದಿಲ್ಲ. ನಾನು ವಿಜ್ಞಾನಿಯಾಗಲಿಲ್ಲ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಆಸೆ ಮಾತ್ರ ಹಾಗೇ ಉಳಿಯಿತು.

ಹಡಗು ಹತ್ತುವುದು ಉಶುವಾಯಾದಲ್ಲಿ. ಅರ್ಜೆಂಟೀನಾದ ದಕ್ಷಿಣ ತುದಿಯ ಊರು. ಬೀಗಲ್ ಕಾಲುವೆ ದಾಟಿದ ಮೇಲೆ ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಸಮುದ್ರವಾದ ಡ್ರೇಕ್ ಜಲಮಾರ್ಗ, ಸುಮಾರು ಎರಡು ದಿನ. ಆ ಅಕ್ಷಾಂಶದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದರೂ ಗಾಳಿಗೆ ಅಡ್ಡವಾಗಿ ನೆಲವೇ ಸಿಗುವುದಿಲ್ಲ, ಅಲೆಗಳು ಬೆಳೆಯುತ್ತಲೇ ಬರುತ್ತವೆ. ಜಗತ್ತಿನ ಅತಿ ದೊಡ್ಡ ಸಾಗರ ಪ್ರವಾಹ ಇಲ್ಲೇ ಹರಿಯುತ್ತದೆ. ಭೂಮಿಯ ಎಲ್ಲ ನದಿಗಳ ಹರಿವು ಕೂಡಿಸಿದರೂ ಅದರ ನೂರನೇ ಒಂದು ಪಾಲು ಆಗದು. ಪಾಠದಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೆ. ಹೊಟ್ಟೆ ತೊಳಸಿಕೊಂಡು ಕಂಬಿ ಹಿಡಿದು ನಿಂತಾಗ ಅದು ಮೈಗೇ ತಿಳಿಯಿತು. ನಮ್ಮವರು ಎರಡೂ ದಿನ ಮಲಗಿಯೇ ಇದ್ದರು. ನಾನು ಮಾತ್ರ ಹಿಂದಿನ ಡೆಕ್ಕಿಗೆ ಹೋಗಿ ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಯನ್ನು ನೋಡುತ್ತ ನಿಲ್ಲುತ್ತಿದ್ದೆ. ಮೂರು ಮೀಟರಿಗೂ ಅಗಲದ ರೆಕ್ಕೆ. ಒಮ್ಮೆಯೂ ಬಡಿಯದೆ ಅಲೆಯ ಏರಿಗೆ ಏರಿ, ಇಳಿತಕ್ಕೆ ಇಳಿದು ಗಂಟೆಗಟ್ಟಲೆ ನಮ್ಮ ಹಿಂದೆಯೇ ಬಂತು.

ನೆಲಕ್ಕೆ ಇಳಿಯುವ ಮೊದಲೇ ಹಡಗಿನಲ್ಲಿ ಪಾಠ ಶುರು. ಜಾಕೆಟ್ಟಿನ ಜೇಬು, ಚೀಲದ ಹೊಲಿಗೆ, ವೆಲ್ಕ್ರೋ ಪಟ್ಟಿ ಎಲ್ಲಕ್ಕೂ ವ್ಯಾಕ್ಯೂಮ್ ಹಿಡಿಯುತ್ತಾರೆ. ಒಂದು ಹುಲ್ಲಿನ ಬೀಜವೂ ದಾಟಕೂಡದು. ಪಕ್ಕದ ಕಿಂಗ್ ಜಾರ್ಜ್ ದ್ವೀಪದಲ್ಲಿ ಹೊರಗಿನ ಹುಲ್ಲೊಂದು ಆಗಲೇ ಬೇರೂರಿ ತಲೆನೋವಾಗಿದೆ. ಬಂಡೀಪುರದ ಕಾಡನ್ನು ಲಂಟಾನ ಏನು ಮಾಡಿದೆ ಅಂತ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಂಬೂಟು ತೊಳೆದು ಔಷಧದ ನೀರಿನಲ್ಲಿ ಅದ್ದಿಯೇ ದೋಣಿ ಹತ್ತಬೇಕು, ವಾಪಸ್ ಬಂದಾಗಲೂ ಅಷ್ಟೇ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ. ಅದು ನಿಮ್ಮ ದಾರಿಗೆ ಅಡ್ಡ ಬಂದರೆ ನೀವೇ ನಿಲ್ಲಬೇಕು. ಹಕ್ಕಿಜ್ವರದ ವೈರಸ್ 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ನೆಲದಲ್ಲೂ ಪತ್ತೆಯಾಯಿತು. ಅದಕ್ಕಾಗಿ ಕೂರುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲವನ್ನು ನೆಲಕ್ಕೆ ಇಡುವಂತಿಲ್ಲ. ಒಂದು ಜಾಗದಲ್ಲಿ ಒಮ್ಮೆಗೆ ನೂರು ಮಂದಿಗಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ನಮ್ಮ ಸರದಿ ಬರುವವರೆಗೆ ರಬ್ಬರ್ ದೋಣಿಯಲ್ಲಿ ಹಿಮಗಡ್ಡೆಗಳ ನಡುವೆ ಸುತ್ತುತ್ತಿದ್ದೆವು.

ನನಗೆ ಅದೇ ಹೆಚ್ಚು ಇಷ್ಟವಾಯಿತು. ಪ್ಯಾರಡೈಸ್ ಬೇಯಲ್ಲಿ ದೋಣಿಯ ಹುಡುಗಿ ಇಂಜಿನ್ ಆರಿಸಿ ಎಲ್ಲರೂ ಸುಮ್ಮನಿರಿ ಅಂದಳು. ನೀರಿನ ತುಂಬ ಚಟಚಟ ಸದ್ದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಹಿಮನದಿಯಿಂದ ಕಳಚಿ ಬಿದ್ದ ಗಡ್ಡೆಗಳು ಕರಗುವಾಗ ಒಳಗೆ ಒತ್ತಿ ಕೂತಿದ್ದ ಗಾಳಿ ಒಡೆದು ಹೊರಬರುತ್ತದಂತೆ. ನಮ್ಮ ಯಾರ ಅಜ್ಜ ಮುತ್ತಜ್ಜಂದಿರೂ ಹುಟ್ಟುವ ಮುಂಚೆ ಹಿಮದೊಳಗೆ ಸೇರಿಕೊಂಡ ಗಾಳಿ ಅದು. ನಾನು ಅತ್ತೆ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಕೈ ಹಿಡಿದುಕೊಂಡರು. ಅವರೂ ಅಳುತ್ತಿದ್ದರು.

ಹೀಗಿರುವ ಜಾಗ ತನ್ನಷ್ಟಕ್ಕೆ ತಾನೇ ಉಳಿದುಕೊಂಡಿಲ್ಲ. ಜನ ಕೂತು ನಿಯಮ ಬರೆದು ಉಳಿಸಿದ್ದಾರೆ. ನಾನು ಹೇಳಬೇಕಾಗಿರುವುದು ಇದನ್ನೇ.

ಡಿಸೆಪ್ಷನ್ ದ್ವೀಪಕ್ಕೆ ಹೋದರೆ ನಿಯಮ ಇಲ್ಲದಾಗ ಏನಾಗುತ್ತದೆ ಅಂತ ಕಾಣುತ್ತದೆ. ಅದು ಅಗ್ನಿಪರ್ವತದ ಬಾಯಿ, ಒಂದು ಕಡೆ ಒಡೆದು ಸಮುದ್ರ ಒಳಗೆ ನುಗ್ಗಿದೆ. ಕಪ್ಪು ಮರಳಿನ ಮೇಲೆ ತುಕ್ಕು ಹಿಡಿದ ದೊಡ್ಡ ದೊಡ್ಡ ಬಾಯ್ಲರುಗಳು. 1912ರಿಂದ 1931ರವರೆಗೆ ನಾರ್ವೆಯ ಕಂಪನಿಯೊಂದು ಇಲ್ಲಿ ತಿಮಿಂಗಿಲಗಳನ್ನು ಬೇಯಿಸಿ ಎಣ್ಣೆ ತೆಗೆಯುತ್ತಿತ್ತು. 20ನೇ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಕೊಂದ ತಿಮಿಂಗಿಲಗಳು 20 ಲಕ್ಷಕ್ಕೂ ಹೆಚ್ಚು. ಹಂಪ್‌ಬ್ಯಾಕ್ ಎಂಬ ಜಾತಿಯ ತಿಮಿಂಗಿಲಗಳನ್ನು ಇನ್ನು ಮುಟ್ಟಬಾರದು ಅಂತ 1963ರಲ್ಲಿ ಒಪ್ಪಿಕೊಂಡ ಮೇಲೂ ಸೋವಿಯತ್ ನೌಕೆಗಳು ಸುಳ್ಳು ಲೆಕ್ಕ ಬರೆದು ಕೊಲ್ಲುತ್ತಲೇ ಇದ್ದವು. 1986ರಲ್ಲಿ ವಾಣಿಜ್ಯ ಬೇಟೆಗೇ ತಡೆ ಬಂತು. ನಾವು ವಿಲ್ಹೆಲ್ಮಿನಾ ಬೇಯಲ್ಲಿ ನಿಂತ ಸಂಜೆ ಎತ್ತ ತಿರುಗಿದರೂ ಹಂಪ್‌ಬ್ಯಾಕ್‌ಗಳು. ಒಂದು ನಮ್ಮ ದೋಣಿಯ ಪಕ್ಕದಲ್ಲೇ ಉಸಿರು ಬಿಟ್ಟಿತು, ಕೊಳೆತ ಮೀನಿನ ವಾಸನೆಯ ಹನಿ ಮುಖದ ಮೇಲೆ ಬಿತ್ತು. ಒರೆಸಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಕಾವಲು ಇದ್ದರೆ ಅವು ತಿರುಗಿ ಬರುತ್ತವೆ. ಕಾಗದದ ಮೇಲಷ್ಟೇ ನಿಯಮವಿದ್ದರೆ ಸಾಲುವುದಿಲ್ಲ ಅನ್ನುವುದಕ್ಕೂ ಇದೇ ಕಥೆ ಸಾಕ್ಷಿ.

1959ರಲ್ಲಿ, ಶೀತಲ ಸಮರದ ನಡುವೆ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸೇರಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು: ಇಲ್ಲಿ ಸೈನ್ಯದ ಚಟುವಟಿಕೆ ಬೇಡ, ಅಣುಸ್ಫೋಟ ಬೇಡ, ವಿಜ್ಞಾನಕ್ಕೆ ಎಲ್ಲರಿಗೂ ಮುಕ್ತ. ಭಾರತ ಸೇರಿದ್ದು 1983ರಲ್ಲಿ. ಅದೇ ಒಪ್ಪಂದಕ್ಕೆ 1991ರಲ್ಲಿ ಸೇರಿಸಿದ ಪರಿಸರ ನಿಯಮಗಳು, ಅಂದರೆ ಮ್ಯಾಡ್ರಿಡ್ ಶಿಷ್ಟಾಚಾರ (ಪ್ರೋಟೋಕಾಲ್), ಗಣಿಗಾರಿಕೆಯನ್ನು ನಿಷೇಧಿಸಿತು. ಬಳ್ಳಾರಿಯ ಕೆಂಪು ಧೂಳು ಕಂಡ ರಾಜ್ಯದವಳಾಗಿ ಆ ಒಂದು ಸಾಲಿನ ಬೆಲೆ ನನಗೆ ಚೆನ್ನಾಗಿ ಗೊತ್ತು.

ಪ್ರವಾಸದ ವಿಷಯಕ್ಕೆ ಬಂದರೆ ಇಷ್ಟು ಗಟ್ಟಿ ಕೈ ಇಲ್ಲ. ನೂರು ಮಂದಿಯ ಮಿತಿ, ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸಬಾರದು ಎಂಬ ಕಟ್ಟು, ಇದನ್ನೆಲ್ಲ ಮುಖ್ಯವಾಗಿ ನಡೆಸಿಕೊಂಡು ಬಂದಿರುವುದು 1991ರಲ್ಲಿ ಪ್ರವಾಸ ಕಂಪನಿಗಳೇ ಕಟ್ಟಿಕೊಂಡ ಐಎಎಟಿಒ ಎಂಬ ಸಂಘ. ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ, ಕಣ್ಣಾರೆ ಕಂಡೆ. ಆದರೆ ಅದಕ್ಕೆ ಸೇರಲೇಬೇಕು ಅಂತಿಲ್ಲ. ವರ್ಷಕ್ಕೆ ಒಟ್ಟು ಇಷ್ಟೇ ಜನ ಅಂತ ಯಾರೂ ನಿಗದಿ ಮಾಡಿಲ್ಲ. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಹತ್ತು ಸಾವಿರ ಮಂದಿಯೂ ಹೋಗುತ್ತಿರಲಿಲ್ಲ. 2023-24ರಲ್ಲಿ 1.2 ಲಕ್ಷ ದಾಟಿತು, ಇಳಿಯದೆ ಹಡಗಿನಿಂದಲೇ ನೋಡಿ ಹೋದವರೂ ಸೇರಿ. ಹಡಗುಗಳ ಹೊಗೆಯ ಕಪ್ಪು ಮಸಿ ಹಿಮದ ಮೇಲೆ ಕೂತರೆ ಹಿಮ ಬೇಗ ಕರಗುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ. ಈ ಅಂಕಿ ಓದಿಕೊಂಡೇ ನಾನು ಹೋದೆ. ಆ ಭಾರ ನನ್ನ ಮೇಲಿದೆ.

ನೋಡಿ ಬಂದವರೆಲ್ಲ ಅಂಟಾರ್ಕ್ಟಿಕಾದ ರಾಯಭಾರಿಗಳಾಗುತ್ತಾರೆ ಅಂತ ಹಡಗಿನಲ್ಲಿ ಹೇಳುತ್ತಾರೆ. ಕೆಲವರು ಆಗುತ್ತಾರೆ, ನಂಬುತ್ತೇನೆ. ಆದರೆ ಏಳನೇ ಖಂಡ ಮುಗಿಸಿದೆ ಅಂತ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಳ್ಳಲು ಬಂದವರೂ ನಮ್ಮ ಜೊತೆಗಿದ್ದರು. ನೋಡಿದವರ ಮನಸ್ಸು ಬದಲಾಗುತ್ತದೆ ಎಂಬ ಭರವಸೆಯ ಮೇಲೆ ಒಂದು ಖಂಡವನ್ನು ಬಿಟ್ಟುಕೊಡಲು ಆಗದು.

ಮಿತಿ ಹಾಕುವುದು ಆಗದ ಮಾತಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನೆರೆದ ಚಿತ್ರ ನೋಡಿದ್ದೆವಲ್ಲ, ಆಮೇಲೆ ನಮ್ಮ ಅರಣ್ಯ ಇಲಾಖೆಯೇ ಚಾರಣಕ್ಕೆ ದಿನಕ್ಕೆ 300 ಮಂದಿ ಅಂತ ಮಿತಿ ತಂದು ಆನ್‌ಲೈನ್ ಬುಕಿಂಗ್ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಒಪ್ಪಂದದ ದೇಶಗಳ ಸಭೆ ಕೊಚ್ಚಿಯಲ್ಲಿ ನಡೆಯಿತು. ಪ್ರವಾಸಕ್ಕೆ ಒಂದು ಸಮಗ್ರ ಚೌಕಟ್ಟು ಬೇಕು ಅಂತ ಚರ್ಚಿಸಲು ಅಲ್ಲಿ ಪ್ರತ್ಯೇಕ ಗುಂಪು ಕೂತಿತು. ಆತಿಥೇಯ ಭಾರತ. ನಮ್ಮ ಸಂಸತ್ತು 2022ರಲ್ಲಿ ಅಂಟಾರ್ಕ್ಟಿಕ ಕಾಯ್ದೆಯನ್ನೂ ಮಾಡಿದೆ. ಆದ್ದರಿಂದ ಇದರಲ್ಲಿ ನಮ್ಮ ದೇಶ ಗಟ್ಟಿಯಾಗಿ ಮಾತಾಡಬೇಕು ಅನ್ನುವುದು ನನ್ನ ಒತ್ತಾಯ. ವರ್ಷಕ್ಕೆ ಒಟ್ಟು ಸಂಖ್ಯೆ, ಒಂದೊಂದು ಜಾಗಕ್ಕೂ ಸಂಖ್ಯೆ, ಉಲ್ಲಂಘಿಸಿದರೆ ಶಿಕ್ಷೆ, ಎಲ್ಲವೂ ಕಾನೂನಾಗಿ. ಸಾಧ್ಯವಿದ್ದರೆ ಕೆಲವು ಸೀಟುಗಳನ್ನು ದುಡ್ಡಿಲ್ಲದ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಡಲಿ. ಮಿತಿ ಹಾಕಿದರೆ ಬರೀ ಶ್ರೀಮಂತರಷ್ಟೇ ಹೋಗುತ್ತಾರೆ ಅನ್ನುವವರಿಗೆ ನನ್ನ ಉತ್ತರ ಅದು.

ನೀವು ಹೋದವರು, ಈಗ ನಮ್ಮನ್ನು ತಡೆಯುತ್ತೀರಾ ಅಂತ ಒಬ್ಬ ಹಳೇ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಕಾಯುವ ಕಾಲಕ್ಕೆ ಮಿತಿ ಇದ್ದು, ನನ್ನ ಸರದಿ ಬರದೇ ಹೋಗಿದ್ದರೆ ತುಂಬ ದುಃಖವಾಗುತ್ತಿತ್ತು. ಆದರೂ ಆ ನಿಯಮವೇ ಸರಿ ಅಂತ ಈಗ ಹೇಳುತ್ತೇನಪ್ಪ.

ಅಲ್ಲಿಯವರೆಗೆ ಹೋಗುವವರು ಹೀಗೆ ಹೋಗಿ. ಇನ್ನೂರು ಮಂದಿಯ ಒಳಗಿನ ಹಡಗು ಹುಡುಕಿ. ಕಂಪನಿ ಐಎಎಟಿಒ ಸದಸ್ಯನೋ ಅಂತ ದುಡ್ಡು ಕಟ್ಟುವ ಮೊದಲೇ ನೋಡಿ. ಹಡಗಿನಲ್ಲಿ ವಿಜ್ಞಾನಿಗಳಿದ್ದಾರಾ, ಯಾವ ಇಂಧನ, ದಿನಕ್ಕೆ ಎಷ್ಟು ಸಲ ಇಳಿಸುತ್ತೀರಿ ಅಂತ ಏಜೆಂಟರನ್ನು ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹವಾಮಾನ ಕೆಟ್ಟು ಒಂದು ಜಾಗ ತಪ್ಪಿದರೆ ಸಿಬ್ಬಂದಿಯ ಮೇಲೆ ಜಗಳಕ್ಕೆ ಹೋಗಬೇಡಿ. ಇನ್ನೂ ಏನಾದರೂ ಕೇಳುವುದಿದ್ದರೆ ಕಾಮೆಂಟಿನಲ್ಲಿ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.