ಹಳೇ ನಕ್ಷೆಯ ಅಂಚಿಗೆ ಕತ್ತರಿ ಹಾಕುವವರೇ

ನಿನ್ನೆ ಫೀನಿಕ್ಸ್‌ನಲ್ಲಿ ಸ್ನೇಹಿತರ ಗೃಹಪ್ರವೇಶ. ಹಾಲ್ ಗೋಡೆಯ ಮೇಲೆ ಗ್ರ್ಯಾಂಡ್ ಕ್ಯಾನಿಯನ್‌ನ ಹಳೇ ಟೋಪೋ ನಕ್ಷೆ (ನೆಲದ ಏರಿಳಿತ ತೋರಿಸುವಂಥದ್ದು), ‘ಬ್ರೈಟ್ ಏಂಜೆಲ್’ ಹಾಳೆ! ಓಡಿ ಹೋಗಿ ನೋಡಿದರೆ ನಾಲ್ಕೂ ಕಡೆ ಅಂಚು ಕತ್ತರಿಸಿದ್ದಾರೆ. ಸಾಲದು ಅಂತ ಟೀ ಚೆಲ್ಲಿದಂಥ ಬಣ್ಣ ಬೇರೆ. ನೂರು ವರ್ಷ ದಾಟಿದ ನಕ್ಷೆಗೆ ಇನ್ನೂ ಹಳೇ ಕಳೆ ಬೇಕಂತೆ.

ನಕ್ಷೆಯ ಜೀವ ಇರೋದೇ ಆ ಅಂಚಿನಲ್ಲಿ. ಸ್ಕೇಲ್ 1:48,000, ಒಂದೊಂದು ಕಾಂಟೂರ್ ಗೆರೆಗೂ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) 50 ಅಡಿ ಎತ್ತರದ ಅಂತರ, ಅಳೆದವರು ಯಾರು, ಎಲ್ಲ ಬರೆದಿರೋದು ಅಲ್ಲೇ. ಅದು ಹೋದ ಮೇಲೆ ಒತ್ತೊತ್ತಾಗಿ ನಿಂತ ಗೆರೆ ಕಂಡು ಕಡಿದಾದ ಜಾಗ ಅಂತ ಹೇಳಬಹುದು. ಎಷ್ಟು ಅಡಿ ಇಳಿಯಬೇಕು ಅಂತ ಹೇಳೋದು ಹೇಗೆ?

ಫ್ರಾಂಸ್ವಾ ಮ್ಯಾಥೆಸ್ 1902ರಲ್ಲಿ ಅಮೆರಿಕದ ಸರ್ಕಾರಿ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್ ಪರವಾಗಿ ಈ ನಕ್ಷೆಯ ಕೆಲಸ ಶುರು ಮಾಡಿದಾಗ ವಿಮಾನದ ಫೋಟೋ ಇರಲಿಲ್ಲ. ಮುಕ್ಕಾಲಿ ಮೇಲೆ ಹಲಗೆ, ಹಲಗೆ ಮೇಲೆ ಕಾಗದ, ಗುರಿ ಹಿಡಿಯಲು ದುರ್ಬೀನು ಕೂಡಿಸಿದ ಪಟ್ಟಿ, ಅಂದರೆ ಅಲಿಡೇಡ್. ಸುಮಾರು ಒಂದು ಮೈಲಿ ಆಳದ ಕಮರಿಯನ್ನು ಹೀಗೆ ಗೆರೆಗೆ ಇಳಿಸಿದರು. ಬ್ರೈಟ್ ಏಂಜೆಲ್ ಹಳ್ಳದ ಉದ್ದಕ್ಕೂ ನೋಡಿ. ಕಾಂಟೂರ್ ಹಳ್ಳವನ್ನು ದಾಟುವ ಕಡೆಯಲ್ಲೆಲ್ಲ ಚೂಪಾಗಿ ಬಾಗುತ್ತದೆ, ಆ ಚೂಪು ನೀರು ಬರುವ ಕಡೆಗೇ ತೋರಿಸುತ್ತದೆ. ಇದೊಂದು ಗೊತ್ತಿದ್ದರೆ ಕಣ್ಣಲ್ಲೇ ಕಮರಿ ಹತ್ತಬಹುದು. ನಾನಂತೂ ಗಂಟೆಗಟ್ಟಲೆ ಹತ್ತುತ್ತೇನೆ. ಮನೆಯವರು ಇದಕ್ಕೆ ಹುಚ್ಚು ಅನ್ನುತ್ತಾರೆ, ಇರಲಿ.

ನಿನ್ನೆ ಬಂದ ನಮ್ಮ ಕನ್ನಡದವರೆಲ್ಲ ನಿಂತಿದ್ದು ‘ಶಿವ ಟೆಂಪಲ್’ ಅನ್ನೋ ಹೆಸರಿನ ಮುಂದೆ. ಅದು ಗುಡಿ ಅಲ್ಲ ಸ್ವಾಮಿ, ಚಪ್ಪಟೆ ತಲೆಯ ದೊಡ್ಡ ಬಂಡೆಬೆಟ್ಟ. ಹೆಸರಿಟ್ಟಿದ್ದು ಕ್ಲಾರೆನ್ಸ್ ಡಟನ್ ಅನ್ನೋ ಭೂವಿಜ್ಞಾನಿ. ನನ್ನ ಮಾತು ಕೇಳೋ ಮೊದಲೇ ಸೆಲ್ಫಿ ಮುಗಿದಿತ್ತು.

“ಗೋಡೆಗೆ ಅಂದ ಅಂತ ಹಾಕಿದ್ದು ಕಣಯ್ಯಾ, ಇದನ್ನ ಹಿಡ್ಕೊಂಡು ಯಾರು ಟ್ರೆಕ್ ಹೋಗ್ತಾರೆ?” ಅಂದ ಗೆಳೆಯ. ಸರಿ, ಯಾರೂ ಹೋಗಲ್ಲ. ಹಾಗಂತ ಮದುವೆ ಫೋಟೋಗೆ ಫ್ರೇಮ್ ಹಾಕಿಸುವಾಗ ತಲೆ ಕತ್ತರಿಸ್ತೀವಾ? ಯುಎಸ್‌ಜಿಎಸ್ ತನ್ನ ಹಳೇ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡುತ್ತಿದೆ, ಅಂಚಿನ ಸಮೇತ. ಅದನ್ನೇ ಇಳಿಸಿಕೊಂಡು, ಅಂಚು ಹಾರಿಸಿ, ಬಣ್ಣ ಬಳಿದು ದುಡ್ಡಿಗೆ ಮಾರುವವರಿಗೆ ಏನನ್ನಬೇಕು?

ಗೆಳೆಯನಿಗೆ ಲಿಂಕ್ ಕಳಿಸಿದ್ದೇನೆ. ಪ್ರಿಂಟ್ ಹಾಕಿಸುವ ಖರ್ಚು ನನ್ನದೇ. ಫ್ರೇಮ್‌ಗೆ ಜಾಗ ಸಾಲದಿದ್ದರೆ ಪಕ್ಕದಲ್ಲಿರುವ, ಓಡದೆ ನಿಂತುಹೋದ ಗಡಿಯಾರ ತೆಗೆಯಲಿ.