ಖಾಲಿ ಸದನದಲ್ಲಿ ನಮ್ಮೂರಿನ ಲಿಫ್ಟು

ಬ್ರಿಟನ್ನಿಗೆ ಬಂದ ಹೊಸತು. ಶನಿವಾರ ಎಂಪಿಯ ಸರ್ಜರಿಗೆ ಹೋಗುತ್ತಿದ್ದೇನೆ ಎಂದರು ಪಕ್ಕದ ಮನೆಯ ಅಜ್ಜಿ. ಪಾಪ, ಎಂಪಿಗೆ ಏನಾಗಿದೆ ಎಂದು ಕೇಳಿಬಿಟ್ಟೆ! ಇಲ್ಲಿ ಸಂಸದರು ಕ್ಷೇತ್ರದ ಜನರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಅಹವಾಲು ಕೇಳುವುದಕ್ಕೂ ಸರ್ಜರಿ ಅಂತಲೇ ಹೆಸರು. ಅಜ್ಜಿಯ ಜೊತೆ ನಾನೂ ಹೋದೆ. ಲೈಬ್ರರಿಯ ಒಂದು ಕೋಣೆ, ಹತ್ತು ನಿಮಿಷ. ಹಾರ ಇಲ್ಲ, ಶಾಲು ಇಲ್ಲ, ಮನವಿ ಪತ್ರ ಹಿಡಿದು ಫೋಟೊ ಇಲ್ಲ. 2016ರಲ್ಲಿ ಜೋ ಕಾಕ್ಸ್, 2021ರಲ್ಲಿ ಡೇವಿಡ್ ಅಮೆಸ್ ಎಂಬ ಸಂಸದರು ಇಂಥ ಭೇಟಿಗೆಂದು ಬಂದಲ್ಲೇ ಕೊಲೆಯಾದರು. ಆದರೂ ಈ ಪದ್ಧತಿ ನಿಂತಿಲ್ಲ.

ಅಜ್ಜಿಯ ದೂರು ಒಂದೇ. ನಮ್ಮ ರೈಲು ನಿಲ್ದಾಣದಲ್ಲಿ ಲಿಫ್ಟ್ ಇಲ್ಲ. ಎರಡನೇ ಪ್ಲಾಟ್‌ಫಾರ್ಮಿಗೆ ಹೋಗಲು ಮೆಟ್ಟಿಲು ಹತ್ತಬೇಕು, ಮಂಡಿ ಕೇಳುವುದಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಮಾತು ಇಲ್ಲಿನ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಬಂತು. ದಿನದ ಕಲಾಪದ ಕೊನೆಗೆ 'ಸದನ ಮುಂದೂಡೋಣ' ಎಂಬ ಗೊತ್ತುವಳಿ ಇಡುತ್ತಾರೆ. ಅದೇ ನೆಪದಲ್ಲಿ ಒಬ್ಬ ಸದಸ್ಯರಿಗೆ ತಮ್ಮ ವಿಷಯ ಹೇಳಲು ಅರ್ಧ ಗಂಟೆ ಸಿಗುತ್ತದೆ. ಅವತ್ತು ಅದು ನಮ್ಮ ಎಂಪಿಗೆ ಸಿಕ್ಕಿತ್ತು. ನಾನು ಆನ್‌ಲೈನಿನಲ್ಲಿ ನೋಡಿದೆ. ಉಳಿದವರೆಲ್ಲ ಎದ್ದು ಹೋಗುತ್ತಿದ್ದರು, ಹಸಿರು ಬೆಂಚುಗಳು ಖಾಲಿ. ಎದುರಿಗೆ ಫೈಲ್ ಹಿಡಿದುಕೊಂಡು ಒಬ್ಬ ಮಂತ್ರಿ. ಅವರು ಉತ್ತರ ಕೊಡದೆ ಮನೆಗೆ ಹೋಗುವಂತಿಲ್ಲ.

ಭಾರತದ ನಮ್ಮ ಸಂಸದರು ಕೇಳುವುದರಲ್ಲೇನೂ ಹಿಂದೆ ಬಿದ್ದಿಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು ಅಂತ ಜೆ.ಎಚ್. ಪಟೇಲರು 1967ರಲ್ಲೇ ತೋರಿಸಿಕೊಟ್ಟರು. ತೊಡಕಿರುವುದು ಉತ್ತರದಲ್ಲಿ. ಪ್ರಶ್ನೋತ್ತರದ ಆಚೆ ಸಂಸದರು ತುರ್ತು ವಿಷಯ ಎತ್ತುವ ಹೊತ್ತಿಗೆ ಶೂನ್ಯ ವೇಳೆ ಅನ್ನುತ್ತಾರೆ, ಆ ಹೆಸರೇ ನಿಯಮದ ಪುಸ್ತಕದಲ್ಲಿಲ್ಲ. ಸಂಸದರು ಅವಸರದಲ್ಲಿ ರೈಲು, ಕುಡಿಯುವ ನೀರು, ಹೆದ್ದಾರಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಪೀಠದಿಂದ ಮುಂದಿನವರ ಹೆಸರು. ಮಂತ್ರಿ ಆಗಲೇ ಎದ್ದು ಉತ್ತರಿಸಬೇಕೆಂದೇನಿಲ್ಲ. ಇನ್ನೊಂದು ದಾರಿ ಲೋಕಸಭೆಯ ನಿಯಮ 377. ಅದರಲ್ಲಿ ವಿಷಯವನ್ನು ಬರೆದುಕೊಂಡು ಬಂದು ಓದಬೇಕು. ಹೊತ್ತಿಲ್ಲದ ದಿನ ಓದುವುದೂ ಇಲ್ಲ, ಸುಮ್ನೆ ಮೇಜಿನ ಮೇಲಿಡುತ್ತಾರೆ. ಉತ್ತರ ಆಮೇಲೆ ಪತ್ರದಲ್ಲಿ. ಆ ಪತ್ರ ಊರಿನವರ ಕಣ್ಣಿಗೆ ಬೀಳುವುದು ಎಲ್ಲಿ?

ಲೆಕ್ಕವನ್ನೂ ನೋಡಬೇಕು ಬಿಡಿ. ಬ್ರಿಟನ್ನಿನಲ್ಲಿ ಒಂದು ಕ್ಷೇತ್ರಕ್ಕೆ ಹೆಚ್ಚುಕಡಿಮೆ 70 ಸಾವಿರ ಮತದಾರರು, 650 ಸಂಸದರು. ಕರ್ನಾಟಕದ 28 ಸಂಸದರಲ್ಲಿ ಒಬ್ಬೊಬ್ಬರಿಗೂ ಸರಾಸರಿ 19 ಲಕ್ಷ ಮತದಾರರು. ಅವರೂ ಹತ್ತತ್ತು ನಿಮಿಷ ಕೊಡಲಿ ಅಂದರೆ ಆಗದ ಮಾತು. ಆದರೆ ಅರ್ಧ ಗಂಟೆಯ ಚರ್ಚೆ ನಮ್ಮ ನಿಯಮದಲ್ಲೂ ಇದೆ, 55ನೇ ನಿಯಮ. ಅದಕ್ಕೆ ಮೊದಲು ಸದನದಲ್ಲಿ ಪ್ರಶ್ನೆ ಬಂದಿರಬೇಕು, ವಿಷಯವೂ ದೊಡ್ಡದಿರಬೇಕು. ಒಂದು ನಿಲ್ದಾಣದ ಲಿಫ್ಟಿಗೆ ಅಲ್ಲಿ ಜಾಗ ಎಲ್ಲಿ? ವಾರಕ್ಕೊಂದು ಸಂಜೆ ಇಂಥ ಸಣ್ಣ ವಿಷಯಕ್ಕೇ ಅಂತ ಎತ್ತಿಟ್ಟರೆ ಏನು ನಷ್ಟ? ಸದನ ತುಂಬಿರಬೇಕೆಂದಿಲ್ಲ, ಉತ್ತರ ಕೊಡಲು ಮಂತ್ರಿಯೊಬ್ಬರು ಇರಬೇಕು.

ಇಲ್ಲಿನ ಮಂತ್ರಿ ಲಿಫ್ಟ್ ಕೊಟ್ಟುಬಿಟ್ಟರು ಅಂದುಕೊಳ್ಳಬೇಡಿ. ಸದಸ್ಯರನ್ನು ಹೊಗಳಿದರು, ಅಜ್ಜಿಯ ಕಷ್ಟಕ್ಕೆ ಮರುಗಿದರು, ಲಿಫ್ಟ್ ಹಾಕುವ ನಿಲ್ದಾಣಗಳ ಮುಂದಿನ ಪಟ್ಟಿಯಲ್ಲಿ ಪರಿಶೀಲಿಸುತ್ತೇವೆ ಎಂದರು. ಜಾರಿಕೊಳ್ಳುವುದರಲ್ಲಿ ಎರಡೂ ದೇಶದ ಮಂತ್ರಿಗಳು ಅಣ್ಣತಮ್ಮಂದಿರೇ. ಆದರೆ ಆ ಮಾತು ಸದನದ ವರದಿಯಲ್ಲಿ ಅಚ್ಚಾಗಿದೆ. ಅಜ್ಜಿ ಅದನ್ನು ಪ್ರಿಂಟ್ ತೆಗೆಸಿ, 'ಪರಿಶೀಲಿಸುತ್ತೇವೆ' ಅನ್ನುವ ಕಡೆ ಗೆರೆ ಎಳೆದು, ಕೈಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಮುಂದಿನ ಸರ್ಜರಿಗೂ ಹೆಸರು ಬರೆಸಿದ್ದಾಗಿದೆ.