ಬರ್ತ್‌ಡೇ ಆಟದಲ್ಲಿ ಯಾವ ಮಗೂನೂ ಔಟ್ ಮಾಡ್ಬೇಡಿ

ಮಕ್ಕಳ ಬರ್ತ್‌ಡೇಲಿ ಮ್ಯೂಸಿಕಲ್ ಚೇರ್ ಆಡ್ಸೋದನ್ನ ದಯವಿಟ್ಟು ನಿಲ್ಸಿ. ಒಂದ್ಸಲ ಲೆಕ್ಕ ಹಾಕಿ ನೋಡಿ, 15 ಮಕ್ಕಳು 14 ಕುರ್ಚಿ ಅಂತ ಶುರು ಮಾಡಿದ್ರೆ ಆಟ ಮುಗಿಯೋಕೆ 14 ಸುತ್ತು ಬೇಕು, ಮೊದಲನೇ ಸುತ್ತಲ್ಲೇ ಕುರ್ಚಿ ಸಿಗದ ಮಗು ಉಳಿದ 13 ಸುತ್ತೂ ಗೋಡೆಗೆ ಒರಗಿಕೊಂಡು ಬೇರೆಯವ್ರು ಆಡೋದನ್ನ ನೋಡ್ತಾ ನಿಲ್ಬೇಕು. ಅದೂ ಮೊದಲು ಔಟ್ ಆಗೋದು ಯಾರು? ಹೆಚ್ಚಾಗಿ ಎಲ್ಲರಿಗಿಂತ ಚಿಕ್ಕದು, ಇಲ್ಲಾಂದ್ರೆ ಯಾರನ್ನೂ ತಳ್ಳೋಕೆ ಬರದ ನಾಚಿಕೆ ಸ್ವಭಾವದ ಮಗು. ಆಟ ಯಾರಿಗೆ ಜಾಸ್ತಿ ಬೇಕಿತ್ತೋ ಅವರೇ ಮೊದಲು ಹೊರಗೆ.

ಔಟ್ ಆದ ಮಗು ಹೋಗೋದೆಲ್ಲಿಗೆ ಗೊತ್ತಲ್ಲ, ಸೀದಾ ಅಮ್ಮನ ಮೊಬೈಲ್ ಹತ್ರ. ಇತ್ತೀಚೆಗೆ ಒಂದು ಪಾರ್ಟಿ ಹಾಲಲ್ಲಿ ನೋಡಿದೆ, ಮೈಕ್ ಹಿಡ್ಕೊಂಡಿದ್ದ ಆಂಕರ್ ಹುಡುಗ "ಔಟ್ ಔಟ್ ಔಟ್" ಅಂತ ಕೂಗಿದ ಕೂಡಲೇ ಪಿಂಕ್ ಫ್ರಾಕ್ ಹಾಕಿದ್ದ ಪುಟ್ಟ ಹುಡುಗಿ ಅಮ್ಮನ ಪಕ್ಕ ಬಂದು ಕೂತ್ಲು, ಅಮ್ಮ ಪಾಪ ಅಳು ನಿಲ್ಸೋಕೆ ಅಂತ ಫೋನ್ ಕೊಟ್ರು, ಅಷ್ಟೇ, ಕೇಕ್ ಕಟ್ ಮಾಡೋವಾಗ ಕರೆದ್ರೂ ಅವಳು ಎದ್ದು ಬರ್ಲಿಲ್ಲ. ಮಕ್ಕಳು ಯಾವಾಗ್ಲೂ ಮೊಬೈಲ್ ಹಿಡ್ಕೊಂಡೇ ಇರ್ತಾವೆ ಅಂತ ನಾವೇ ಬೈಕೊಳ್ತೀವಿ, ಆಡೋಕೆ ಅಂತಲೇ ಕರೆದ ದಿನಾನೂ ಅವಕ್ಕೆ ಮೊಬೈಲ್ ಬಿಟ್ರೆ ಬೇರೆ ಜಾಗ ಇಲ್ಲದ ಹಾಗೆ ಮಾಡೋದು ಯಾವ ನ್ಯಾಯ.

ನಮ್ಮ ಮನೆ ಕಡೆ ಯಾರ ಮಕ್ಕಳ ಹುಟ್ಟುಹಬ್ಬ ಇದ್ರೂ ಆಟ ಆಡ್ಸೋ ಕೆಲಸ ನಂದೇ, ಅಕ್ಕನ ಮಕ್ಕಳಿಂದ ಹಿಡಿದು ಅಪಾರ್ಟ್‌ಮೆಂಟಿನ ಮಕ್ಕಳವರೆಗೂ ನಾನೇ ಆಟದ ಆಂಟಿ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ, ಟೂ ಬಿಎಚ್‌ಕೆ ಮನೆಯ ಹಾಲಲ್ಲಿ ಸೋಫಾ ಗೋಡೆಗೆ ಸರಿಸಿ, ಟೀಪಾಯಿ ರೂಮಿಗೆ ಹಾಕಿದ್ರೆ ಸಾಕು, ದುಡ್ಡು ಕೊಟ್ಟು ಹಾಲ್ ಬುಕ್ ಮಾಡೋ ಅಗತ್ಯಾನೇ ಇಲ್ಲ. ಆದ್ರೆ ಒಂದು ರೂಲು, ಒಂದು ಮಗೂನೂ ಆಟದಿಂದ ಆಚೆ ಹೋಗ್ಬಾರ್ದು.

ಕುರ್ಚಿ ಬದ್ಲು ನಾನು ಆಡ್ಸೋದು ಜಮಖಾನ. ಮನೇಲಿರೋ ದೊಡ್ಡ ಜಮಖಾನ ಹಾಸಿ, ಹಾಡು ಹಾಕಿ, ಹಾಡು ಇರೋವಷ್ಟು ಹೊತ್ತು ಸುತ್ತ ಕುಣೀಬೇಕು, ನಿಂತ ತಕ್ಷಣ ಎಲ್ಲರೂ ಅದ್ರ ಮೇಲೆ ಬಂದು ನಿಲ್ಬೇಕು, ಒಬ್ಬರ ಕಾಲೂ ನೆಲದ ಮೇಲಿರಬಾರದು. ಆಮೇಲೆ ಅದನ್ನ ಅರ್ಧಕ್ಕೆ ಮಡಚಿ, ಮತ್ತೆ ಹಾಡು. ಮತ್ತೆ ಅರ್ಧಕ್ಕೆ. ಮಡಚ್ತಾ ಹೋದ ಹಾಗೆ ಜಾಗ ಚಿಕ್ಕದಾಗುತ್ತೆ, ಮಕ್ಕಳು ಮಾತ್ರ ಅಷ್ಟೇ ಇರ್ತಾರೆ. ಮೂರನೇ ಮಡಿಕೆ ಬರೋ ಹೊತ್ತಿಗೆ ಏನಾಗುತ್ತೆ ಗೊತ್ತಾ, ಈಗಷ್ಟೇ ಬಲೂನಿಗೆ ಜಗಳ ಆಡಿದ್ದ ಇಬ್ರು ಒಬ್ಬರ ಸೊಂಟ ಒಬ್ಬರು ಹಿಡ್ಕೊಂಡು ನಿಂತಿರ್ತಾರೆ, ದೊಡ್ಡ ಹುಡುಗ ತನಗೆ ಪರಿಚಯಾನೇ ಇಲ್ಲದ ಮೂರು ವರ್ಷದ ಮಗೂನ ಎತ್ಕೊಂಡು ಒಂಟಿ ಕಾಲಲ್ಲಿ ನಿಂತಿರ್ತಾನೆ, ಒಬ್ರು ಜಾರಿದ್ರೂ ಎಲ್ಲರೂ ಸೇರಿ ಕಿರುಚ್ತಾರೆ. ಇದನ್ನೇ ಕುರ್ಚಿಲಿ ಮಾಡಿ, ಒಂದೊಂದೇ ಕುರ್ಚಿ ತೆಗೆದು ಉಳಿದ ಕುರ್ಚಿ ಮೇಲೆ ಎಲ್ಲ ಮಕ್ಕಳೂ ಕೂತ್ಕೊಳ್ಳಲಿ ಅಂತ ಕೆಲವ್ರು ಹೇಳ್ತಾರೆ, ಪ್ಲಾಸ್ಟಿಕ್ ಕುರ್ಚಿ ಮೇಲೆ ಮಾತ್ರ ಬೇಡ, ನಾಲ್ಕು ಮಕ್ಕಳ ಭಾರಕ್ಕೆ ಕಾಲು ಮುರಿಯುತ್ತೆ. ಜಮಖಾನದ ಕೆಳಗೆ ಟೈಲ್ಸ್ ಜಾರುತ್ತೆ ಅನ್ಸಿದ್ರೆ ಒಂದು ಯೋಗಾ ಮ್ಯಾಟ್ ಹಾಕ್ಕೊಳ್ಳಿ, ಕಾಲಲ್ಲಿ ಸಾಕ್ಸ್ ಇದ್ರೆ ತೆಗೆಸಿ.

ಕೆರೆ ದಡ ಎಲ್ಲರಿಗೂ ಗೊತ್ತಿರೋ ಆಟ. ಗೊತ್ತಿಲ್ಲದ ಮಕ್ಕಳಿಗೆ ಒಂದೇ ನಿಮಿಷದಲ್ಲಿ ಹೇಳ್ಕೊಡಬಹುದು, ಹಾಲಿನ ಮಧ್ಯ ಒಂದು ವೇಲ್ ಉದ್ದಕ್ಕೆ ಹಾಸಿ, ಈ ಕಡೆ ಕೆರೆ ಆ ಕಡೆ ದಡ, ಹೇಳಿದ ಕಡೆಗೆ ಹಾರ್ಬೇಕು. ಕೆರೆ ಅಂತ ಎರಡು ಸಲ ಬೆನ್ನುಬೆನ್ನಿಗೆ ಕೂಗಿದಾಗ ಅರ್ಧ ಜನ ದಡದಲ್ಲಿರ್ತಾರೆ, ಅಲ್ಲೇ ಮಜಾ ಇರೋದು. ಮಾಮೂಲಾಗಿ ತಪ್ಪಿದವ್ರು ಔಟ್. ನಾನು ಹಾಗೆ ಮಾಡಲ್ಲ, ತಪ್ಪಿದವ್ರು ನನ್ನ ಪಕ್ಕ ಬಂದು ನಿಂತು ನನ್ನ ಜೊತೆ ಕೂಗ್ಬೇಕು, ಉಳಿದವ್ರನ್ನ ಗಲಿಬಿಲಿ ಮಾಡೋ ಕೆಲಸ ಅವರದ್ದು. ನಿಜ ಹೇಳ್ತೀನಿ, ಬೇಕು ಬೇಕು ಅಂತಲೇ ತಪ್ಪಿ ಈ ಕಡೆ ಬರೋ ಮಕ್ಕಳಿದಾರೆ, ಅಷ್ಟು ಇಷ್ಟ ಅವಕ್ಕೆ ಕೂಗೋದು. ಕೊನೆಗೆ ಗೆರೆ ಮೇಲೆ ಇಬ್ರು ಮೂವರು ಉಳಿದ್ರೆ ಇತ್ಲಾಗೆ ಒಂದು ದೊಡ್ಡ ಸೈನ್ಯಾನೇ ಇರುತ್ತೆ, ಯಾರು ಗೆದ್ರು ಅಂತ ಕೇಳೋಕೂ ಯಾರಿಗೂ ನೆನಪಿರಲ್ಲ. ಕೆಳಗಿನ ಫ್ಲೋರಿನವ್ರಿಗೆ ಮೊದಲೇ ಹೇಳಿ, ಅವರ ಮಕ್ಕಳನ್ನೂ ಕರೆದುಬಿಡಿ, ಆಗ ಹಾರೋ ಸದ್ದಿಗೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನಮ್ಮೂರುಗಳಲ್ಲಿ ಬೀದೀಲಿ ಆಡೋವಾಗ ಪುಟ್ಟ ಮಕ್ಕಳನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಳ್ತಿದ್ವಿ, ತಮ್ಮನೋ ತಂಗಿನೋ ಜೊತೆಗೆ ಬಂದಿರ್ತಿತ್ತು, ಬಿಟ್ಟು ಹೋಗೋ ಹಾಗಿಲ್ಲ, ಅದಕ್ಕೆ ಜೂಟ್ ಮುಟ್ಟಿಸಿದ್ರೂ ಔಟ್ ಇಲ್ಲ, ಓಡ್ಕೊಂಡಿರ್ಲಿ ಅಂತ. ಬರ್ತ್‌ಡೇಗೆ ಬರೋದೂ ಇಂಥದ್ದೇ ಗುಂಪಲ್ವಾ, ಕ್ಲಾಸಿನ ಫ್ರೆಂಡ್ಸು, ಅವರ ಜೊತೆ ಬಂದ ಎರಡು ವರ್ಷದ ಪಾಪು, ಊರಿಂದ ಬಂದ ಏಳನೇ ಕ್ಲಾಸಿನ ಅಣ್ಣ. ಎಲ್ಲರಿಗೂ ಒಂದೇ ರೂಲು ಹಾಕಿದ್ರೆ ನಡೆಯಲ್ಲ. ದೊಡ್ಡ ಮಕ್ಕಳನ್ನ ಲೀಡರ್ ಮಾಡಿ, ಒಬ್ಬೊಬ್ಬರಿಗೆ ಇಬ್ಬಿಬ್ರು ಚಿಕ್ಕವ್ರನ್ನ ಒಪ್ಪಿಸಿ. ಬಾಯ್ಸ್ ಒಂದು ಕಡೆ ಗರ್ಲ್ಸ್ ಒಂದು ಕಡೆ ಅಂತ ಟೀಮ್ ಮಾಡ್ಲೇಬೇಡಿ, ಈ ಆಂಕರ್‌ಗಳಿಗೆ ಅದು ಬಿಟ್ರೆ ಬೇರೆ ಬರೋದೇ ಇಲ್ಲ, ಸುಮ್ನೆ ಆಡ್ಕೊಂಡಿದ್ದ ಮಕ್ಕಳಲ್ಲಿ ಇಲ್ಲದ ಜಗಳ ಹಚ್ತಾರೆ. ಹುಟ್ಟಿದ ತಿಂಗಳ ಪ್ರಕಾರ ಮಾಡಿ, ಇಲ್ಲಾ ಡಬ್ಬಿಯಿಂದ ಬಣ್ಣದ ಚೀಟಿ ಎತ್ತಿಸಿ.

ಈಗ ಎಲ್ಲಾ ಕಡೆ ಇರೋ ಆ ಖೋಯಾ ಬ್ಯಾಗ್ ಬಗ್ಗೆ ನಂಗೆ ಬಹಳ ಸಿಟ್ಟಿದೆ. ಮೇಲೆ ಕಟ್ಟಿ ಒಡೆದ ತಕ್ಷಣ ಚಾಕ್ಲೇಟು ಪೆನ್ಸಿಲ್ಲು ಜೊತೆಗೆ ಥರ್ಮೋಕೋಲ್ ಚೂರು ಎಲ್ಲ ಸುರಿಯುತ್ತೆ, ದೊಡ್ಡವ್ರು ಎರಡೂ ಕೈಲಿ ಬಾಚ್ಕೊಳ್ತಾರೆ, ಚಿಕ್ಕವ್ರ ಕೈ ತುಳಿತಕ್ಕೆ ಸಿಗುತ್ತೆ, ಕೊನೆಗೆ ಒಂದಿಬ್ರು ಬರಿಗೈಲಿ ಅಳ್ತಾ ನಿಂತಿರ್ತಾರೆ. ಮಗ ಹಟ ಮಾಡ್ತಾನೆ, ಖೋಯಾ ಬ್ಯಾಗ್ ಬೇಕೇ ಬೇಕು ಅಂತಾನೆ ಅಂದ್ರೆ ಹೀಗೆ ಮಾಡಿ, ಒಳಗಿರೋ ಸಾಮಾನನ್ನ ಕೆಂಪು, ಹಳದಿ, ಹಸಿರು, ನೀಲಿ ಕಾಗದದಲ್ಲಿ ಪೊಟ್ಟಣ ಕಟ್ಟಿ, ಒಂದೊಂದು ಬಣ್ಣದ್ದೂ ಲೆಕ್ಕಕ್ಕೆ ಸರಿಯಾಗಿರ್ಲಿ, ಮಕ್ಕಳ ಕೈಗೆ ಅದೇ ಬಣ್ಣದ ದಾರ ಕಟ್ಟಿ, ಅವರವರ ಬಣ್ಣದ ಪೊಟ್ಟಣ ಮಾತ್ರ ಒಂದೊಂದು ಎತ್ಕೋಬೇಕು. ಎತ್ಕೊಂಡು ಆದವ್ರು ಬೇರೆಯವ್ರಿಗೆ ಹುಡುಕಿಕೊಡ್ತಾರೆ, ಯಾರೂ ಹೇಳ್ಬೇಕಾಗಿಲ್ಲ. ಮಡಕೆ ಒಡೆಯೋದು ಮನೆ ಒಳಗೆ ಬೇಡ, ಓಡು ಕಾಲಿಗೆ ಚುಚ್ಚುತ್ತೆ, ಅಂಗಳ ಇದ್ದು ಸುತ್ತ ಜಾಗ ಬಿಡೋಕೆ ಆಗೋ ಹಾಗಿದ್ರೆ ಸರಿ.

ಇನ್ನು ಸ್ನೋ ಸ್ಪ್ರೇ. ಅದು ಬೇಡವೇ ಬೇಡ. ಆ ಡಬ್ಬಿಗಳಲ್ಲಿ ಒತ್ತಿ ತುಂಬಿರೋ ಗ್ಯಾಸ್ ಹೆಚ್ಚಾಗಿ ಬೆಂಕಿ ಹತ್ಕೊಳ್ಳೋ ಜಾತಿದು, ಕ್ಯಾಂಡಲ್ ಉರೀತಿರೋವಾಗ್ಲೇ ಮಗುವಿನ ತಲೆ ಮೇಲೆ ಸುರೀತಾರಲ್ಲ, ನೋಡಿದ್ರೆ ಎದೆ ಝಲ್ ಅನ್ನುತ್ತೆ. ಮೇಲಕ್ಕೆ ಹಾರೋ ಬಲೂನುಗಳಲ್ಲೂ ಹೀಲಿಯಂ ಬದ್ಲು ಕೆಲವ್ರು ಹೈಡ್ರೋಜನ್ ತುಂಬಿ ಕೊಡ್ತಾರೆ, ಅದೂ ಬೆಂಕಿ ಹತ್ರ ತರೋ ವಸ್ತುವಲ್ಲ. ಮಾಮೂಲಿ ಬಲೂನ್ ಸಾಕು, ಬಾಯಲ್ಲೋ ಪಂಪಲ್ಲೋ ಊದಿ, ನೆಲಕ್ಕೆ ಬೀಳದ ಹಾಗೆ ಎಲ್ಲರೂ ಸೇರಿ ಕೈಲಿ ತಟ್ಟೋ ಆಟ ಆಡ್ಸಿ, ಒಂದರಿಂದ ಶುರು ಮಾಡಿ ಎರಡು ಮೂರು ಅಂತ ಹೆಚ್ಚಿಸ್ತಾ ಹೋಗಿ. ಒಡೆದ ರಬ್ಬರ್ ಚೂರನ್ನ ಮಾತ್ರ ಆಗಿಂದಾಗ್ಲೇ ಎತ್ತಿಬಿಡಿ, ಮಕ್ಕಳು ಅದನ್ನ ಬಾಯಿಗೆ ಹಾಕ್ಕೊಂಡ್ರೆ ಗಂಟಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಅಮೆರಿಕದಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಉಸಿರುಗಟ್ಟೋ ಅಪಾಯ ಇದೆ ಅಂತ ಬಲೂನ್ ಪ್ಯಾಕೆಟ್ ಮೇಲೆ ಬರೀಲೇಬೇಕು ಅನ್ನೋ ಕಾನೂನೇ ಇದೆ.

ನಂಗೆ ಎಲ್ಲಕ್ಕಿಂತ ಇಷ್ಟವಾದ ಆಟ ಅಡುಗೆಮನೆಯಿಂದ ಬರೋದು. ಪುಟ್ಟ ಪುಟ್ಟ ಬಟ್ಟಲಲ್ಲಿ ಕಾಫಿಪುಡಿ, ಏಲಕ್ಕಿ, ಇಂಗು, ಜೀರಿಗೆ, ಸಾರಿನ ಪುಡಿ, ಜಜ್ಜಿದ ಶುಂಠಿ, ಒಂದೆಸಳು ಕರಿಬೇವು ಇಟ್ಟು ಮೇಲೆ ತೆಳುವಾದ ಬಟ್ಟೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದುಬಿಡಿ, ಮಕ್ಕಳು ಮೂಸಿ ನೋಡಿ ಹೇಳ್ಬೇಕು. ಟೀಮಲ್ಲಿ ಕೂತು ಗುಸುಗುಸು ಮಾತಾಡ್ಕೊಂಡು ಉತ್ತರ ಕೊಡ್ಬೇಕು. ಮೊನ್ನೆ ಒಬ್ಬ ಹುಡುಗ ಇಂಗಿನ ಬಟ್ಟಲು ಮೂಗಿಗೆ ಹಿಡಿದು ಕಣ್ಣು ಮುಚ್ಕೊಂಡು ಬಹಳ ಹೊತ್ತು ಯೋಚ್ನೆ ಮಾಡಿ "ಇದು ನಮ್ಮಜ್ಜಿ ಮನೆ ಸಾರು" ಅಂದ. ಹೆಸರು ಗೊತ್ತಿಲ್ಲ ಅವನಿಗೆ, ಆದ್ರೆ ನಾನು ಪೂರ್ತಿ ಮಾರ್ಕ್ಸ್ ಕೊಟ್ಟೆ. ಇದಕ್ಕೆ ಕರ್ಪೂರ ಇಡ್ಬೇಡಿ, ವಾಸನೆ ಸುಲಭ ಅಂತ ಇಡೋಣ ಅನ್ಸುತ್ತೆ, ಆದ್ರೆ ಬಾಯಿಗೆ ಹಾಕ್ಕೊಂಡ್ರೆ ಮಕ್ಕಳಿಗೆ ವಿಷ. ಮೆಣಸಿನಪುಡಿಯಂತೂ ದೂರ ಇರ್ಲಿ.

ನಿಧಿ ಹುಡುಕೋ ಆಟಕ್ಕೂ ಏನೂ ಖರ್ಚಿಲ್ಲ, ಚೀಟಿ ಬರೆಯೋ ಕೈ ಒಂದು ಬೇಕು. ಇಂಟರ್ನೆಟ್ಟಿಂದ ಇಂಗ್ಲಿಷ್ ಕ್ಲೂ ಪ್ರಿಂಟ್ ಹಾಕೋ ಬದ್ಲು ಮನೆ ಸಾಮಾನಿಗೇ ಒಗಟು ಕಟ್ಟಿ. ನಾನು ಕಟ್ಟಿದ ಕೆಲವು ಹೇಳ್ತೀನಿ, ಬೇಕಾದ್ರೆ ತಗೊಳ್ಳಿ. ಹೊಟ್ಟೆ ತುಂಬ ಚಳಿ, ಬಾಗ್ಲು ತೆಗೆದ್ರೆ ದೀಪ. ಕೊಳೆ ಬಟ್ಟೆ ನುಂಗ್ತಾನೆ, ಗಿರಗಿರ ತಿರುಗಿ ನೊರೆ ಉಗೀತಾನೆ. ಮುಖ ಇಲ್ಲದವನು, ನಿನ್ನ ಮುಖಾನೇ ನಿನಗೆ ತೋರಿಸ್ತಾನೆ. ಫ್ರಿಜ್ಜು, ವಾಷಿಂಗ್ ಮಷೀನು, ಕನ್ನಡಿ, ಇಷ್ಟೇ, ಒಂದು ಚೀಟಿ ಇನ್ನೊಂದು ಚೀಟಿ ಇರೋ ಜಾಗಕ್ಕೆ ಕರ್ಕೊಂಡು ಹೋಗುತ್ತೆ. ಕನ್ನಡ ಓದೋಕೆ ತಡವರಿಸೋ ಮಕ್ಕಳು ಈಗ ಎಲ್ಲರ ಮನೇಲೂ ಇದಾರೆ, ಅದಕ್ಕೆ ಓದೋ ಮಗು ಒಂದು, ಹುಡುಕೋ ಮಗು ಒಂದು ಅಂತ ಜೋಡಿ ಮಾಡ್ತೀನಿ. ಪಕ್ಕದ ಮನೆ ಹಿಂದಿ ಮಾತಾಡೋ ಹುಡುಗಿಗೆ ನಮ್ಮಕ್ಕನ ಮಗಳು ನೊರೆ ಅಂದ್ರೇನು ಅಂತ ಬಾಯಲ್ಲಿ ಬುರ್ರ್ ಅಂತ ಗುಳ್ಳೆ ಮಾಡಿ ತೋರಿಸಿದ್ಲು, ಇಬ್ರೂ ಸೇರಿ ಬಾತ್‌ರೂಮಿಗೆ ಓಡಿದ್ರು. ನಿಧಿ ಅಂತ ಕೊನೇಲಿ ಒಂದೇ ದೊಡ್ಡ ಡಬ್ಬಿ ಇರ್ಲಿ, ಎಲ್ಲರಿಗೂ ಹಂಚೋ ಅಷ್ಟು ಕಡ್ಲೆಮಿಠಾಯಿನೋ ಕೊಬ್ಬರಿ ಮಿಠಾಯಿನೋ. ಯಾರು ಮೊದಲು ಹುಡುಕಿದ್ರು ಅನ್ನೋದು ಬೇಡ.

ಬೆಂಗಳೂರಲ್ಲಿ ಐದೂವರೆಗೆ ಕರೆದ್ರೆ ಏಳು ಗಂಟೆವರೆಗೂ ಜನ ಬರ್ತಾನೇ ಇರ್ತಾರೆ, ಟ್ರಾಫಿಕ್ಕು, ಯಾರನ್ನೂ ಬೈಯೋ ಹಾಗಿಲ್ಲ. ಬೇಗ ಬಂದ ಮಕ್ಕಳು ಆ ಹೊತ್ತಲ್ಲಿ ಟೀವಿ ಮುಂದೆ ಕೂರ್ತಾವೆ. ಅದಕ್ಕೇ ಒಂದು ಮೂಲೇಲಿ ಚಾಪೆ ಹಾಸಿ ಅಜ್ಜಿನೋ ತಾತನ್ನೋ ಕೂರಿಸಿ ಚೌಕಾಬಾರ ಇಟ್ಟುಬಿಡಿ. ನೆಲದ ಮೇಲೆ ಚಾಕ್‌ಪೀಸಲ್ಲಿ ಐದೈದು ಮನೆ ಗೆರೆ ಎಳೆದ್ರೆ ಆಯ್ತು, ನಾಲ್ಕು ಕವಡೆ ಸಾಕು, ನಾಲ್ಕೂ ಅಂಗಾತ ಬಿದ್ರೆ ಚೌಕ ಅಂದ್ರೆ ನಾಲ್ಕು, ನಾಲ್ಕೂ ಬೋರಲು ಬಿದ್ರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕೋ ಅವಕಾಶ, ಮಕ್ಕಳು ಒಂದೇ ಸುತ್ತಲ್ಲಿ ಕಲೀತಾವೆ. ಮೈಸೂರಿನವ್ರಿಗೆ ಇದು ಹೊಸದಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಎಷ್ಟೋ ಹಾಸು ಆಟಗಳನ್ನ ಕಟ್ಟಿದವ್ರು, ಈಗ್ಲೂ ಅಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವ್ರು ಕ್ರೀಡಾ ಕೌಶಲ್ಯ ಅಂತ ಇಂಥ ಆಟಗಳ ಪ್ರದರ್ಶನ ಮಾಡ್ತಾ ಬಂದಿದಾರೆ, ನೋಡೋಕೆ ಹೋದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ. ಅಳಗುಳಿ ಮಣೆ ಇದ್ರೆ ಅದನ್ನೂ ಇಡಿ, ಹುಣಸೆಬೀಜ ಹಾಕಿ, ಗುಲಗಂಜಿ ಬೇಡ, ಚೆಂದ ಕಾಣುತ್ತೆ ಆದ್ರೆ ಅಗಿದು ನುಂಗಿದ್ರೆ ವಿಷ. ಅಜ್ಜಿ ತಾತಂದಿರ್ನ ಹೂವಿನ ಬೊಕ್ಕೆ ಥರ ಸೋಫಾ ಮೇಲೆ ಕೂರಿಸಿ ಫೋಟೋಗೆ ಮಾತ್ರ ಕರೆಯೋದು ನಂಗೆ ಹಿಡಿಸೋದೇ ಇಲ್ಲ, ಅವರ ಸುತ್ತ ನಾಲ್ಕು ಮಕ್ಕಳು ಕೂತು ಕವಡೆಗೆ ಜಗಳ ಆಡ್ಲಿ.

ಹಾರೋದು ಓಡೋದು ಎಲ್ಲ ಕೇಕಿಗಿಂತ ಮುಂಚೆ ಮುಗಿಸಿ. ಹೊಟ್ಟೆ ತುಂಬ ಕೇಕು, ಮೇಲೆ ಪೂರಿ ಸಾಗು ತಿಂದ ಮಕ್ಕಳನ್ನ ಕೆರೆ ದಡ ಹಾರಿಸಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಊಟ ಆದ್ಮೇಲೆ ಆನೆಗೆ ಬಾಲ ಅಂಟಿಸೋದು ಸರಿಹೋಗುತ್ತೆ, ಕಣ್ಣಿಗೆ ಬಟ್ಟೆ ಕಟ್ಟಿಸ್ಕೊಳ್ಳೋಕೆ ಹೆದರೋ ಮಗುಗೆ ಒತ್ತಾಯ ಮಾಡ್ಬೇಡಿ, ತಾನೇ ಕೈಲಿ ಕಣ್ಣು ಮುಚ್ಕೊಳ್ಳಲಿ. ಕೂತಿರೋ ಮಕ್ಕಳಿಗೆ ದಾರಿ ಹೇಳೋ ಕೆಲಸ ಕೊಡಿ, ಎಡಕ್ಕೆ, ಮೇಲಕ್ಕೆ, ಅಯ್ಯೋ ಅದು ಸೊಂಡಿಲು ಅಂತ ಕೂಗ್ತಾ ಇದ್ರೆ ಕಾಯೋದೂ ಆಟಾನೇ ಆಗುತ್ತೆ.

ಅಪ್ಪಂದಿರಿಗೊಂದು ಮಾತು. ಎಲ್ಲರೂ ಮೊಬೈಲ್ ಎತ್ಕೊಂಡು ಸುತ್ತ ನಿಂತ್ರೆ ಮಕ್ಕಳು ಆಡಲ್ಲ, ಕ್ಯಾಮೆರಾ ನೋಡ್ತಾವೆ. ಒಬ್ರು ವಿಡಿಯೋ ಮಾಡಿ, ಉಳಿದವ್ರು ಜಮಖಾನ ಹತ್ತಿ.

ಪ್ರೈಜು ಅಂತ ಫಸ್ಟ್ ಸೆಕೆಂಡ್ ಇಡ್ಬೇಡಿ, ಎಲ್ಲರಿಗೂ ಒಂದೇ ಥರದ್ದು ಕೊಡಿ, ಅದನ್ನೇ ರಿಟರ್ನ್ ಗಿಫ್ಟ್ ಅನ್ನಿ. ನಾನು ಯಾರು ಕೇಳಿದ್ರೂ ಚನ್ನಪಟ್ಟಣದ ಬುಗುರಿ ಅಂತೀನಿ, ಹಾಲೆ ಮರದ್ದು, ಅರಗಿನ ಬಣ್ಣ, ಎರಡು ಬೆರಳಲ್ಲಿ ತಿರುಗಿಸಿ ಬಿಟ್ರೆ ಗುಂಯ್ ಅಂತ ತಿರುಗುತ್ತೆ. ಪ್ಲಾಸ್ಟಿಕ್ ಆಟದ ಸಾಮಾನಿನ ಹಾಗೆ ಮನೆ ಮುಟ್ಟೋ ಹೊತ್ತಿಗೆ ಮುರಿಯಲ್ಲ, ನಮ್ಮ ಪಕ್ಕದೂರಿನ ಕುಶಲಕರ್ಮಿಗಳಿಗೂ ನಾಲ್ಕು ಕಾಸು ಸೇರುತ್ತೆ.

ಹೊರಡೋ ಹೊತ್ತಿಗೆ ಒಂದು ಕೊನೇ ಆಟ ಇದೆ, ಇದನ್ನ ಮಾಡ್ಸಿದ್ರೆ ಅಮ್ಮಂದಿರು ನಿಮಗೆ ಕೈ ಮುಗೀತಾರೆ. ಬಾಗಿಲಾಚೆ ಇರೋ ಮಕ್ಕಳ ಚಪ್ಪಲಿ ಶೂ ಎಲ್ಲ ಒಂದೇ ರಾಶಿ ಮಾಡಿ, ನೂರು ಎಣಿಸೋದ್ರೊಳಗೆ ಎಲ್ಲರ ಕಾಲಲ್ಲೂ ಅವರವರ ಜೋಡಿ ಇರ್ಬೇಕು, ಚಿಕ್ಕವ್ರದ್ದನ್ನ ದೊಡ್ಡವ್ರು ಹುಡುಕಿಕೊಡಬಹುದು. ಎಣಿಸೋದು ನೀವು, ಬಾಕಿ ಅವರು ನೋಡ್ಕೊಳ್ತಾರೆ. ಎಡ ಬಲ ಅದಲು ಬದಲಾಗಿದ್ರೆ ಲಿಫ್ಟ್ ಬರೋ ಹೊತ್ತಿಗೆ ಸರಿ ಮಾಡ್ಕೊಳ್ಳಲಿ ಬಿಡಿ.